ಮಣಿ ಕ್ಲಿಪ್ಪು ಕಿತ್ತುಬರುತ್ತಿದ್ದರೆ ಗಮ್ ಬದಲಿಸಬೇಡಿ, ಕ್ಲಿಪ್ಪು ಬದಲಿಸಿ

ಮಣಿಯ ನವಿಲು ಎರಡು ವಾರಕ್ಕೇ ಕ್ಲಿಪ್ಪಿನಿಂದ ಕಿತ್ತುಬರುತ್ತಿದೆ, ಯಾವ ಗಮ್ ಒಳ್ಳೆಯದು, ಇ-6000 ತರಿಸಲೇ ಅಂತ ಕೇಳಿದ್ದೀರಿ. ಪ್ರಶ್ನೆಯ ನಡುವೆ "ಟಿಕ್ ಟಾಕ್ ಪಿನ್ನಿನ ಮೇಲೆ ಅಂಟಿಸುತ್ತೇನೆ" ಅಂತ ಒಂದು ಮಾತು ಹಾಗೇ ಬಂದು ಹೋಗಿದೆ. ತೊಂದರೆ ಇರುವುದು ಅಲ್ಲೇ. ನನ್ನ ದುಡ್ಡು, ಒಂದು ಒಳ್ಳೆಯ ಮನೆಯ ಆರ್ಡರು, ಎರಡೂ ಹೋಗಿದ್ದು ಅದೇ ಪಿನ್ನಿನಿಂದ.

ನಮ್ಮದು ಧಾರವಾಡ. ಅವ್ವ ಕಸೂತಿ ಹಾಕುತ್ತಿದ್ದಳು. ಗವಂತಿ, ಮುರ್ಗಿ, ನೇಯ್ಗಿ, ಹೆಂತಿ ಈ ನಾಲ್ಕೂ ಹೊಲಿಗೆ ನೋಡುತ್ತಲೇ ಬೆಳೆದವಳು ನಾನು. ಆದರೆ ನನ್ನ ಕೈ ಹೋಗಿದ್ದು ಮಣಿಯ ಕಡೆಗೆ. ಕಸೂತಿಯನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ, ಮಣಿ ಕೆಲಸದಲ್ಲಿ ಮಣಿ ಎಣಿಸುತ್ತಾರೆ. ಹಾಗಾಗಿ ಗೋಪುರ, ತೇರು, ತುಳಸಿಕಟ್ಟೆ, ನವಿಲು ಎಲ್ಲಾ ಚೌಕದ ಹಾಳೆಯಿಂದ ಸೀದಾ ಮಣಿಗೆ ಇಳಿಯುತ್ತೆ ಅನ್ನಿಸಿತು. ಅದು ಪೂರ್ತಿ ನಿಜ ಅಲ್ಲ, ಅದನ್ನು ಕೆಳಗೆ ಹೇಳುತ್ತೇನೆ.

ಪರಿಚಯದವರ ಮನೆಯಲ್ಲಿ ಮದುವೆ ಬಂತು. ಮದುಮಗಳಿಗೆ ಚಂದ್ರಕಾಳಿ ಸೀರೆ. ಕರಿ ಸೀರೆ, ಮೈತುಂಬಾ ಕಸೂತಿ. ಆ ಸೀರೆಗೆ ಹೊಂದುವ ಹಾಗೆ ಮನೆಯ ಹೆಣ್ಣುಮಕ್ಕಳಿಗೆಲ್ಲ ಗೋಪುರದ ಕ್ಲಿಪ್ಪು ಬೇಕು ಅಂದರು ಮದುಮಗಳ ತಾಯಿ. ಕರಿ ಮಣಿಯ ನೆಲ, ಅದರ ಮೇಲೆ ಬಿಳಿ ಮಣಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಗೋಪುರ, ಒಳಗೆ ಕೆಂಪು ಬಾಗಿಲು, ತುದಿಯಲ್ಲಿ ಕಳಸಕ್ಕೆ ಒಂದೇ ಒಂದು ಬಂಗಾರದ ಬಣ್ಣದ ಮಣಿ. ಇವತ್ತಿಗೂ ಆ ವಿನ್ಯಾಸ ನನಗೆ ಇಷ್ಟ. ಹೆಚ್ಚಿನವು ಸಣ್ಣ ಹುಡುಗಿಯರಿಗೆ ಅಂತ ಟಿಕ್ ಟಾಕ್ ಪಿನ್ನು ತಂದೆ. ಅಗ್ಗ, ಹಗುರ, ಎಲ್ಲಾ ಬಳೆ ಅಂಗಡಿಯಲ್ಲೂ ಸಿಗುತ್ತೆ. ಫೆಲ್ಟ್ ಬಟ್ಟೆಯ ಮೇಲೆ ಮಣಿ ಕೂರಿಸಿ, ಹಿಂದೆ ಕ್ಷಣದಲ್ಲಿ ಹಿಡಿಯುವ ಗಮ್ ಹಚ್ಚಿ, ಪಿನ್ನಿಗೆ ಒತ್ತಿದೆ. ಒಣಗಿದ ಮೇಲೆ ಒಂದೊಂದನ್ನೂ ಎರಡು ಬೆರಳಲ್ಲಿ ಹಿಡಿದು ಗಟ್ಟಿಯಾಗಿ ಎಳೆದು ನೋಡಿದೆ. ಒಂದೂ ಅಲುಗಲಿಲ್ಲ.

ಮದುವೆ ಮನೆಯಲ್ಲಿ ಮಕ್ಕಳ ಕೈಗೆ ಈ ಪಿನ್ನು ಸಿಕ್ಕರೆ ಏನಾಗುತ್ತೆ ಗೊತ್ತಲ್ವಾ? ಟಿಕ್ ಅನ್ನಿಸುವುದು, ಟಾಕ್ ಅನ್ನಿಸುವುದು. ಅಕ್ಷತೆ ಬೀಳುವ ಹೊತ್ತಿಗೆ ಅರ್ಧಕ್ಕರ್ಧ ಗೋಪುರ ಪಿನ್ನಿನಿಂದ ಎದ್ದಿದ್ದವು. ಮದುಮಗಳ ತಾಯಿ ದೊಡ್ಡ ಮನಸ್ಸಿನವರು. "ಇರ್ಲಿ ಬಿಡವಾ, ಹುಡುಗ್ರು ಹಾಳ್ ಮಾಡ್ಯಾರ" ಅಂದರು. ಆದರೆ ಅವರ ಎರಡನೇ ಮಗಳ ನಿಶ್ಚಿತಾರ್ಥಕ್ಕೆ ಮೊದಲೇ ಮಾತಾಗಿದ್ದ ಕೆಲಸ ನನಗೆ ಬರಲಿಲ್ಲ. ಆ ಮನೆಯಿಂದ ಆಮೇಲೆ ಯಾರೂ ಕೇಳಲಿಲ್ಲ.

ಅವತ್ತು ನಾನು ಬೈದಿದ್ದು ಗಮ್ಮನ್ನು. ನೀವೂ ಈಗ ಅದನ್ನೇ ಮಾಡುತ್ತಿದ್ದೀರಿ. ಅದಕ್ಕಿಂತ ದುಬಾರಿ ಗಮ್ ತಂದೆ, ಆಮೇಲೆ ಅದಕ್ಕಿಂತ ದುಬಾರಿಯದು. ಪಿನ್ನನ್ನು ಉಪ್ಪುಕಾಗದದಲ್ಲಿ ಉಜ್ಜಿ ಹಚ್ಚಿದೆ, ದಪ್ಪ ಹಚ್ಚಿದೆ, ತೆಳ್ಳಗೆ ಹಚ್ಚಿದೆ, ಮೇಲೆ ಭಾರ ಇಟ್ಟು ಒಣಗಿಸಿದೆ. ಕಿತ್ತುಬರುವ ದಿನ ಸ್ವಲ್ಪ ಮುಂದೆ ಹೋಯಿತು, ಅಷ್ಟೇ. ಕೊನೆಗೆ ಒಂದು ಸಂಜೆ ಪಿನ್ನನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು, ಕಣ್ಣಿನ ಹತ್ತಿರ ತಂದು, ನಿಧಾನವಾಗಿ ತೆಗೆದು ಮುಚ್ಚಿ ನೋಡಿದೆ. ಮುಚ್ಚಿದಾಗ ತಗಡು ಒಂದು ಕಡೆಗೆ ಬಾಗುತ್ತೆ. ತೆಗೆದಾಗ ಟಕ್ ಅಂತ ಇನ್ನೊಂದು ಕಡೆಗೆ ಬಾಗುತ್ತೆ. ಮೇಲಿನ ಫೆಲ್ಟು ಮಾತ್ರ ಹಾಗೇ ನಿಂತಿತ್ತು. ತುದಿಯಲ್ಲಿ ಫೆಲ್ಟಿಗೂ ತಗಡಿಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಾಣಿಸಿತು.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೊಂದು ತಲೆಗೆ ಹೋದರೆ ನಿಮ್ಮ ಅರ್ಧ ಕಷ್ಟ ಮುಗಿಯುತ್ತೆ. ಟಿಕ್ ಟಾಕ್ ಪಿನ್ನು ಕೆಲಸ ಮಾಡುವುದೇ ಅದರ ತಗಡು ಬಾಗುವುದರಿಂದ. ಬೇರೆ ಸ್ಪ್ರಿಂಗು ಅದರಲ್ಲಿ ಇಲ್ಲ. ನೀವು ಯಾವ ಮೈಮೇಲೆ ನವಿಲು ಅಂಟಿಸಿದ್ದೀರೋ ಆ ಮೈಯೇ ಸ್ಪ್ರಿಂಗು. ಗಮ್ ಕುಡಿದ ಫೆಲ್ಟು, ಅದರ ಮೇಲೆ ಒತ್ತೊತ್ತಾಗಿ ಕೂತ ಗಾಜಿನ ಮಣಿ, ಎರಡೂ ಸೇರಿ ಹಲಗೆಯ ಹಾಗೆ ಬಿರುಸಾಗಿರುತ್ತೆ. ತಗಡು ಬಾಗುತ್ತೆ, ಹಲಗೆ ಬಾಗಲ್ಲ. ಹಾಗಾಗಿ ಪ್ರತಿ ಸಲ ತೆಗೆದಾಗಲೂ ಒಂದು ಅಂಚು ಚೂರು ಎದ್ದುಕೊಳ್ಳುತ್ತೆ. ಹೊಸ ಸ್ಟೀಲ್ ಡಬ್ಬಿಯ ಮೇಲಿನ ಚೀಟಿ ನೆನಪಿಸಿಕೊಳ್ಳಿ. ನೇರ ಎಳೆದರೆ ಬರಲ್ಲ, ಒಂದು ಮೂಲೆಗೆ ಉಗುರು ಹಾಕಿದರೆ ಪೂರ್ತಿ ಬರುತ್ತೆ. ನಾನು ಮನೆಯಲ್ಲಿ ಎಳೆದು ನೋಡಿದ್ದು ನೇರಕ್ಕೆ. ಮಕ್ಕಳು ಮಾಡಿದ್ದು ಉಗುರು ಹಾಕುವ ಕೆಲಸ. ಮುಚ್ಚಿದ ಪಿನ್ನನ್ನೇ ಪರೀಕ್ಷೆ ಮಾಡಿದೆನೇ ಹೊರತು, ತೆಗೆದು ಮುಚ್ಚಿ, ತೆಗೆದು ಮುಚ್ಚಿ ನೋಡಲಿಲ್ಲ. ಕ್ಷಣದಲ್ಲಿ ಹಿಡಿಯುವ ಗಮ್ಮಂತೂ ಒಣಗಿದ ಮೇಲೆ ಗಾಜಿನ ಥರ ಗಡುಸಾಗುತ್ತೆ, ಒಂಚೂರೂ ಹಿಗ್ಗಲ್ಲ, ಇಂಥ ಕಡೆ ಬಿರುಕು ಬಿಡುತ್ತೆ. ಇ-6000 ರಬ್ಬರಿನ ಹಾಗೆ ಸ್ವಲ್ಪ ಬಾಗುತ್ತೆ, ಅದಕ್ಕೇ ಜಾಸ್ತಿ ದಿನ ತಡೆಯುತ್ತೆ. ಆದರೆ ಸ್ಪ್ರಿಂಗಿನ ಮೇಲೆ ಹಲಗೆ ಅಂಟಿಸುವುದು ಯಾವ ಗಮ್ಮಿನ ಕೆಲಸವೂ ಅಲ್ಲ.

ಆದ್ದರಿಂದ "ಯಾವ ಗಮ್" ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಫ್ರೆಂಚ್ ಕ್ಲಿಪ್ಪಿನ ಬೇಸ್ ತನ್ನಿ. ಬೆಂಗಳೂರಿನಲ್ಲಿದ್ದರೆ ಚಿಕ್ಕಪೇಟೆಯ ಕಡೆ ಕೇಳಿ. ಅದರಲ್ಲಿ ಮೇಲಿನ ಪಟ್ಟಿ ಕಮಾನಿನಂತೆ ಬಾಗಿ ಗಟ್ಟಿಯಾಗಿ ನಿಂತಿರುತ್ತೆ. ಒತ್ತಡ ತಗೊಳ್ಳುವುದು ಒಳಗಿನ ಬೇರೆ ಪಟ್ಟಿ. ಕ್ಲಿಪ್ಪು ತೆಗೆದರೂ ಮುಚ್ಚಿದರೂ ಮೇಲಿನದು ಅಲುಗಲ್ಲ. ಮುಖ್ಯವಾಗಿ, ಮೇಲಿನ ಪಟ್ಟಿಯ ಎರಡೂ ತುದಿಯಲ್ಲಿ ಸಣ್ಣ ತೂತು ಇರುವುದನ್ನೇ ಆರಿಸಿ. ಆ ತೂತು ಇರುವುದು ಹೊಲಿಯಲಿಕ್ಕೆ. ದೊಡ್ಡವರಿಗೆ 80 ಮಿ.ಮೀ., ಮಕ್ಕಳಿಗೆ 60 ಮಿ.ಮೀ. ಸಾಕು.

ಈಗ ನಾನು ಮಾಡುವುದು ಹೀಗೆ. ಮಣಿ ಕೆಲಸ ಮುಗಿದ ಫೆಲ್ಟನ್ನು ಕೊನೆಯ ಮಣಿಯಿಂದ ಒಂದೆರಡು ಮಿ.ಮೀ. ಬಿಟ್ಟು ಕತ್ತರಿಸುತ್ತೇನೆ. ಕತ್ತರಿ ದಾರಕ್ಕೆ ತಾಗಿದರೆ ಎಲ್ಲಾ ಹೋಯಿತು, ಇಲ್ಲಿ ಅವಸರ ಮಾಡಬೇಡಿ. ಅದೇ ಅಳತೆಗೆ ತೆಳು ರೆಕ್ಸಿನ್ ಅಥವಾ ಚರ್ಮ ಕತ್ತರಿಸಿ, ಕ್ಲಿಪ್ಪಿನ ಎರಡು ತುದಿ ಬರುವ ಕಡೆ ಬ್ಲೇಡಿನಲ್ಲಿ ಸೀಳು ಹಾಕುತ್ತೇನೆ. ಕ್ಲಿಪ್ಪಿನ ಮೇಲಿನ ಪಟ್ಟಿ ಆ ಸೀಳುಗಳ ಮೂಲಕ ರೆಕ್ಸಿನ್‌ನ ಒಳಗಡೆ ಬರುತ್ತೆ, ಕೆಳಗಿನ ಭಾಗ ಹೊರಗೇ ಉಳಿಯುತ್ತೆ. ಪಟ್ಟಿಯನ್ನು ತೂತಿನ ಮೂಲಕ ಫೆಲ್ಟಿಗೆ ಬಿಗಿಯಾಗಿ ಹೊಲಿಯುತ್ತೇನೆ. ಆಮೇಲೆ ಸುತ್ತಲೂ ಫೆಲ್ಟು, ರೆಕ್ಸಿನ್ ಎರಡನ್ನೂ ಸೇರಿಸಿ ಒಂದೊಂದೇ ಮಣಿ ಹಾಕುತ್ತಾ ಅಂಚು ಹೊಲಿಯುತ್ತೇನೆ. ಸೂಜಿ ಹಿಂದಿನಿಂದ ಮುಂದಕ್ಕೆ, ಮಣಿಯೊಳಗೆ ವಾಪಸ್ ಮೇಲಕ್ಕೆ, ಮತ್ತೆ ಮುಂದಿನ ಮಣಿ. ಮುಗಿದಾಗ ಲೋಹ ಎರಡು ಪದರದ ನಡುವೆ ಸಿಕ್ಕಿಕೊಂಡಿರುತ್ತೆ. ಕಿತ್ತುಬರಬೇಕು ಅಂದರೆ ದಾರವೇ ಹರಿಯಬೇಕು.

ಈ ಅಂಚು ನಾನು ಕಲಿತಿದ್ದು ಉತ್ತರ ಅಮೆರಿಕದ ಮೂಲನಿವಾಸಿಗಳ ಕೆಲಸ ನೋಡಿ. ಮಣಿ ಕ್ಲಿಪ್ಪು ಅವರಲ್ಲಿ ಬಹಳ ಬೆಳೆದ ಕಲೆ. ಮೊದಲು ಮುಳ್ಳುಹಂದಿಯ ಮುಳ್ಳಿಗೆ ಬಣ್ಣ ಕಟ್ಟಿ ಚರ್ಮದ ಮೇಲೆ ಕೂರಿಸುತ್ತಿದ್ದರು. ಯುರೋಪಿನ ವ್ಯಾಪಾರಿಗಳು ವೆನಿಸ್, ಬೊಹೀಮಿಯದ ಗಾಜಿನ ಮಣಿ ತಂದ ಮೇಲೆ ಅದೇ ಕೈಚಳಕ ಮಣಿಗೆ ಬಂತು. ಒಜಿಬ್ವೆ ಜನರ ಹೂಬಳ್ಳಿ, ಲಕೋಟಾ ಜನರ ಕೋನ ಕೋನದ ವಿನ್ಯಾಸ ನೋಡಿದರೆ ಕಣ್ಣು ಕೀಳಲಾಗಲ್ಲ. ಹೊಲಿಗೆಯ ಉಪಾಯ ಕಲಿಯಿರಿ, ಆದರೆ ಆ ವಿನ್ಯಾಸಗಳನ್ನು ಎತ್ತಿ ಮಾರಬೇಡಿ. ಮೂಲನಿವಾಸಿಗಳು ಮಾಡಿದ್ದು ಅಂತ ಸುಳ್ಳು ಹೇಳಿ ಮಾರುವುದು ಅಮೆರಿಕದಲ್ಲಿ 1990ರ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಬಿಡಿ, ನಮ್ಮ ಕಸೂತಿಯನ್ನು ಇನ್ಯಾರೋ ತಮ್ಮದು ಅಂದರೆ ನನಗೆ ಹೊಟ್ಟೆ ಉರಿಯುತ್ತೆ, ಅವರಿಗೂ ಹಾಗೇ. ತೇರು, ಆನೆ ಅಂಬಾರಿ, ತೊಟ್ಟಿಲು, ಕಮಲ ಅಂತ ನಮ್ಮಲ್ಲೇ ಬೇಕಾದಷ್ಟಿದೆ.

ಈಗ ಚೌಕದ ಹಾಳೆಯ ವಿಷಯ. ಮಣಿ ಚೌಕ ಅಲ್ಲ. ಜಪಾನಿನ ಮಿಯುಕಿ ಕಂಪನಿಯ ಡೆಲಿಕಾ ಮಣಿ, 11/0 ನಂಬರಿನ ಅಳತೆಯದು, ಸುಮಾರು 1.6 ಮಿ.ಮೀ. ದಪ್ಪ, 1.3 ಮಿ.ಮೀ. ಉದ್ದ. ಮಣಿ ನೇಯುವ ಪುಟ್ಟ ಮಗ್ಗದಲ್ಲಿ ತೂತು ಅಡ್ಡಕ್ಕೆ ಬರುತ್ತೆ, ಹಾಗಾಗಿ 20 ಮಣಿ ಅಗಲ, 20 ಸಾಲು ಎತ್ತರದ ಗೋಪುರ ಹಾಕಿದರೆ 26 ಮಿ.ಮೀ. ಅಗಲ, 32 ಮಿ.ಮೀ. ಎತ್ತರ ಬರುತ್ತೆ. ಗೋಪುರಕ್ಕೆ ಇದು ಚೆಂದವೇ, ಇನ್ನೂ ಎತ್ತರ ಕಾಣುತ್ತೆ. ಆನೆ ಹಾಕಿದರೆ ಮಾತ್ರ ಹಸಿದು ಸೊರಗಿದ ಆನೆ ಆಗುತ್ತೆ. ಅಡ್ಡಕ್ಕೆ ಹರಡುವ ಚಿತ್ರ ಇದ್ದರೆ ಹಾಳೆಯನ್ನೇ ತಿರುಗಿಸಿ ನೇಯಿರಿ, ತೂತು ಮೇಲೆ ಕೆಳಗೆ ಬರಲಿ. ನಿಮ್ಮ ನವಿಲಿಗೆ ಮಗ್ಗವೇ ಬೇಡ. ಬಾಗುವ ಗೆರೆ ಜಾಸ್ತಿ ಇರುವುದನ್ನು ಫೆಲ್ಟಿನ ಮೇಲೆ ಬರೆದುಕೊಂಡು, ಒಂದು ಸಲಕ್ಕೆ ನಾಲ್ಕು ಮಣಿ ಪೋಣಿಸಿ, ಎರಡು ಮಣಿ ಹಿಂದಕ್ಕೆ ಹೋಗಿ, ಅವುಗಳೊಳಗೆ ಸೂಜಿ ಮತ್ತೆ ಮುಂದಕ್ಕೆ ತನ್ನಿ. ಕಸೂತಿಯ ನವಿಲು ಗರಿ ಬಿಚ್ಚಿ ನಿಂತಿದ್ದಕ್ಕಿಂತ ಬಾಲ ಹಿಂದಕ್ಕೆ ಚಾಚಿದ್ದು ಕ್ಲಿಪ್ಪಿಗೆ ಒಪ್ಪುತ್ತೆ. 80 ಮಿ.ಮೀ. ಅಗಲ ಸುಮ್ನೆ ಹೋಗಲ್ಲ.

ದಾರ ಹತ್ತಿಯದು ಬೇಡವೇ ಬೇಡ. ನಮ್ಮ ತಲೆಯಲ್ಲಿ ಕೊಬ್ಬರಿ ಎಣ್ಣೆ, ಬೆವರು, ಮಲ್ಲಿಗೆ ದಂಡೆಯ ನೀರು ಎಲ್ಲಾ ಇರುತ್ತೆ. ಹತ್ತಿ ಅದನ್ನೆಲ್ಲ ಕುಡಿದು ಸಡಿಲವಾಗುತ್ತೆ, ಮೇಲಿಂದ ಗಾಜಿನ ಮಣಿಯ ಅಂಚು ಅದನ್ನು ಕೊಯ್ಯುತ್ತೆ. ನೈಲಾನ್ ಮಣಿ ದಾರ ತಗೊಳ್ಳಿ, ಸೂಜಿ 10 ಅಥವಾ 12ನೇ ನಂಬರು. ಫೆಲ್ಟು ಕೂಡ ಎಣ್ಣೆ ಕುಡಿಯುತ್ತೆ, ಅದಕ್ಕೇ ಹಿಂದೆ ರೆಕ್ಸಿನ್ ಹಾಕುವುದು.

ಮಣಿ ಯಾವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಲ್ಲರೂ ಜಪಾನ್ ಮಣಿಯೇ ಬೇಕು ಅನ್ನುತ್ತಾರೆ. ಮಗ್ಗಕ್ಕೆ ನಿಜ, ಮಣಿಗಳು ಒಂದೇ ಅಳತೆ ಇಲ್ಲದಿದ್ದರೆ ಗೋಪುರದ ಮೆಟ್ಟಿಲು ಡೊಂಕಾಗುತ್ತೆ. ಫೆಲ್ಟಿನ ಕೆಲಸಕ್ಕೆ ಉತ್ತರ ಪ್ರದೇಶದ ಪುರ್ದಿಲ್‌ನಗರ ಕಡೆಯಿಂದ ಬರುವ ನಮ್ಮ ದೇಶದ ಗಾಜಿನ ಮಣಿಯೇ ಸಾಕು. ಸಣ್ಣ ದೊಡ್ಡ ಆರಿಸಿಕೊಳ್ಳುವ ತಾಳ್ಮೆ ಬೇಕು, ಅಷ್ಟೇ. ನವಿಲಿನ ಕತ್ತಿನ ತಿರುವಿಗೆ ತೆಳ್ಳನೆಯ ಮಣಿ, ಹೊಟ್ಟೆಗೆ ದಪ್ಪನೆಯದು ಅಂತ ಆರಿಸಿ ಹಾಕಿದರೆ ಆ ಏರುಪೇರೇ ಕೆಲಸಕ್ಕೆ ಬರುತ್ತೆ. ಬಣ್ಣ ಮಾತ್ರ ಮೊದಲೇ ನೋಡಿ. ಹೊಸ ಪೊಟ್ಟಣ ತಂದಾಗ ನಾಲ್ಕು ಮಣಿ ಬಟ್ಟಲಿಗೆ ಹಾಕಿ, ಮುಳುಗುವಷ್ಟು ಕೊಬ್ಬರಿ ಎಣ್ಣೆ ಹಾಕಿ ಒಂದು ವಾರ ಬಿಡಿ. ಇನ್ನು ನಾಲ್ಕನ್ನು ಬಿಸಿಲಲ್ಲಿಡಿ. ಬಣ್ಣ ಮೇಲೆ ಬಳಿದ ಮಣಿ ಅಷ್ಟರಲ್ಲೇ ಬಿಡುತ್ತೆ, ವಿಶೇಷವಾಗಿ ಗುಲಾಬಿ, ನೇರಳೆ. ಒಳಗೆ ಬೆಳ್ಳಿ ಬಳಿದ ಮಿಂಚಿನ ಮಣಿ ಬೆವರಿಗೆ ಕಪ್ಪಾಗುತ್ತೆ. ನವಿಲಿಗೆ ಬೇಕಾದ ನೀಲಿ, ಹಸಿರು ಗಾಜಿನಲ್ಲೇ ಕೂಡಿದ ಬಣ್ಣದಲ್ಲಿ ಸಿಗುತ್ತೆ, ಅದನ್ನೇ ಹುಡುಕಿ.

ಗಮ್ ಪೂರ್ತಿ ಬೇಡ ಅಂತ ಅಲ್ಲ. ಹೊಲಿಯುವಾಗ ಕ್ಲಿಪ್ಪು ಜಾರದಿರಲಿ ಅಂತ ಪಟ್ಟಿಯ ನಡುವೆ ಇ-6000 ಒಂದು ತೆಳು ಗೆರೆ ಹಚ್ಚಿ. ಅಂಚಿಗೆ ಹಚ್ಚಬೇಡಿ, ಸೂಜಿ ಹೋಗಲ್ಲ. ಹಚ್ಚಿದ ಮೇಲೆ ಫೆಲ್ಟನ್ನು ಕ್ಲಿಪ್ಪಿನ ಕಮಾನಿಗೆ ಸರಿಯಾಗಿ ಬಗ್ಗಿಸಿ, ದಾರ ಸುತ್ತಿ, ಹಾಗೇ ಒಣಗಲು ಬಿಡಿ. ಮೇಜಿನ ಮೇಲೆ ಚಪ್ಪಟೆ ಒಣಗಿಸಿದರೆ ತುದಿಗಳು ಮತ್ತೆ ಏಳುತ್ತೆ. ಪೂರ್ತಿ ಗಟ್ಟಿಯಾಗಲು ಮೂರು ದಿನದವರೆಗೂ ಬೇಕು. ಕಿಟಕಿ ತೆಗೆದಿಡಿ, ಅದರ ವಾಸನೆ ತಲೆನೋವು ತರುತ್ತೆ.

ಟಿಕ್ ಟಾಕ್ ಪಿನ್ನೇ ಬೇಕು ಅಂತ ಗಿರಾಕಿ ಹಟ ಹಿಡಿದರೆ ನವಿಲು ಮಾಡಬೇಡಿ. ಪಿನ್ನಿನ ಒಂದು ತುದಿಯಲ್ಲಿ, ಬಾಗದ ಜಾಗದಲ್ಲಿ, ಕಾಸಿನಗಲದ ಒಂದು ಹೂವು ದಾರದಿಂದ ಸುತ್ತಿ ಕಟ್ಟಿಕೊಡಿ. ನಾನು ಈಗ ಅದಕ್ಕಿಂತ ದೊಡ್ಡದನ್ನು ಆ ಪಿನ್ನಿಗೆ ಮಾಡುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ.

ಮಾರುವ ಮೊದಲು ಒಂದನ್ನು ನಿಮ್ಮ ಮನೆಯ ಹುಡುಗಿಗೆ ಕೊಟ್ಟು, ಎಣ್ಣೆ ಹಚ್ಚಿದ ಜಡೆಗೆ ಹಾಕಿ ದಿನಾ ಸ್ಕೂಲಿಗೆ ಕಳಿಸಿ. ತಿಂಗಳಾದ ಮೇಲೆ ತಂದು ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿ. ಅದು ಗಟ್ಟಿಯಾಗಿದ್ದರೆ ಆರ್ಡರು ಒಪ್ಪಿಕೊಳ್ಳಿ. ಮತ್ತೆ, ನವಿಲಿನ ಕಣ್ಣಿಗೆ 11/0ಗಿಂತ ಸಣ್ಣದಾದ 15/0 ಮಣಿಯೇ ಹಾಕಿ. 11/0 ಹಾಕಿದರೆ ಕಣ್ಣು ಮುಖಕ್ಕಿಂತ ದೊಡ್ಡದಾಗಿ ಕಾಣುತ್ತೆ.