ಕತೆ ಮರೆತರೆ ಕಾಗಕ್ಕನನ್ನ ಬಾಗಿಲಲ್ಲೇ ನಿಲ್ಲಿಸಿ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ಪುಸ್ತಕ ನೋಡಿ ಕತೆ ಓದಿದರೆ ಎರಡನೇ ತರಗತಿ ಮಕ್ಕಳು ಪಕ್ಕದವರನ್ನ ಚಿವುಟುತ್ತಾ ಕೂರುತ್ತಾರೆ. ಬಾಯಿಪಾಠ ಮಾಡಿ ಹೋದರೆ ಅರ್ಧದಲ್ಲೇ ಮರೆತು ತಡವರಿಸುತ್ತೇನೆ. ಏನು ಮಾಡಲಿ?

ಉತ್ತರ: ಮೊದಲು ಬಾಯಿಪಾಠ ಬಿಡಿ ಮೇಡಂ. ಪದಕ್ಕೆ ಪದ ಉರು ಹೊಡೆದರೆ ಒಂದು ತಪ್ಪಿದರೂ ಮುಂದಿನದೆಲ್ಲ ಕೈಕೊಡುತ್ತದೆ. ಏನಾದ ಮೇಲೆ ಏನಾಯಿತು ಅನ್ನೋದು ಗೊತ್ತಿದ್ದರೆ ಸಾಕು. ಮೊದಲ ಮಾತು, ಕೊನೆಯ ಮಾತು, ಮತ್ತೆ ಮತ್ತೆ ಬರುವ ಒಂದು ಮಾತು, ಇಷ್ಟು ಮಾತ್ರ ಗಟ್ಟಿ ಮಾಡಿಕೊಳ್ಳಿ.

ಮತ್ತೆ ಮತ್ತೆ ಬರುವ ಆ ಮಾತಿದೆಯಲ್ಲ, ಅದರಲ್ಲೇ ಇದೆ ಎಲ್ಲ. ಕಾಗಕ್ಕ ಗುಬ್ಬಕ್ಕನ ಕತೆಯನ್ನೇ ತಗೊಳ್ಳಿ. ಜೋರು ಮಳೆ. ಕಾಗಕ್ಕನ ಸಗಣಿ ಮನೆ ಕೊಚ್ಚಿಹೋಯಿತು. ಗುಬ್ಬಕ್ಕನ ಕಲ್ಲಿನ ಮನೆ ಮುಂದೆ ಬಂದು ನಿಂತಳು.

"ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ."

"ತಡಿ, ಮಗೂಗೆ ನೀರು ಹಾಕ್ತಿದ್ದೀನಿ."

"ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ."

"ತಡಿ, ಮಗೂಗೆ ಬಟ್ಟೆ ಹಾಕ್ತಿದ್ದೀನಿ."

ಮೂರನೇ ಸಲ "ಗುಬ್ಬಕ್ಕ ಗುಬ್ಬಕ್ಕ" ಅಂದು ಸುಮ್ನೆ ನಿಂತು ನೋಡಿ. ಉಳಿದದ್ದನ್ನ ಇಡೀ ತರಗತಿ ಕೂಗುತ್ತದೆ. ಅಷ್ಟರಲ್ಲಿ ಮುಂದೇನು ಅನ್ನೋದು ನಿಮಗೂ ನೆನಪಾಗಿರುತ್ತದೆ. ಆಗಲಿಲ್ವಾ? ಗುಬ್ಬಕ್ಕ ಮಗೂಗೆ ಕಾಡಿಗೆ ಹಚ್ಚಲಿ, ತೊಟ್ಟಿಲು ತೂಗಲಿ. ಪಾಪ, ಕಾಗಕ್ಕ ಇನ್ನೊಂದಿಷ್ಟು ನೆನೆಯುತ್ತಾಳೆ, ಅಷ್ಟೇ.

ಇದು ಹಳೇ ಉಪಾಯ. ಮೈಸೂರು, ಚಾಮರಾಜನಗರದ ಕಡೆ ಮಂಟೇಸ್ವಾಮಿ ಕತೆ ಹಾಡುವ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ, ಕೈಯಲ್ಲಿ ಪುಸ್ತಕ ಇಲ್ಲದೆ. ಮುಂದಾಳು ಒಂದಿಷ್ಟು ಕತೆ ಹೇಳಿ ಬಿಟ್ಟ ಕೂಡಲೇ ಹಿಮ್ಮೇಳದವರು ಸೊಲ್ಲು, ಅಂದರೆ ಮತ್ತೆ ಮತ್ತೆ ಬರುವ ಸಾಲು, ಎತ್ತಿಕೊಳ್ಳುತ್ತಾರೆ. ಅವನಿಗೆ ಉಸಿರು ತಗೊಳ್ಳೋಕೂ ಮುಂದಿನದನ್ನ ನೆನೆಯೋಕೂ ಅಷ್ಟು ಬಿಡುವು ಸಾಕು. ಹರಿಕತೆ ದಾಸರು ನಡುನಡುವೆ ಜನರ ಬಾಯಲ್ಲಿ "ಗೋವಿಂದ" ಅನ್ನಿಸುತ್ತಾರಲ್ಲ, ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ನಿಮ್ಮ ತರಗತಿಯಲ್ಲಿ ಹಿಮ್ಮೇಳ ಮಕ್ಕಳದ್ದೇ.

ಹುಲಿಗೊಂದು ದನಿ, ಇಲಿಗೊಂದು ದನಿ ಬರಲೇಬೇಕು ಅಂತಿಲ್ಲ. ಅದು ಜಾಸ್ತಿಯಾದರೆ ಮಕ್ಕಳು ಕತೆ ಬಿಟ್ಟು ನಿಮ್ಮನ್ನೇ ನೋಡುತ್ತಾರೆ. ವರ್ಣನೆ ಮಾತ್ರ ಕತ್ತರಿಸಿ. ಓದುವಾಗ ಹಿಂದಿನ ಸಾಲಿಗೆ ಮತ್ತೆ ಹೋಗಬಹುದು, ಕೇಳುವಾಗ ಆಗೋದಿಲ್ಲ. "ಒಂದೂರು. ಊರಾಚೆ ಒಂದು ಮರ." ಇಷ್ಟು ಸಾಕು. ಮುಗಿದ ಮೇಲೆ "ಇದರಿಂದ ಏನು ಕಲಿತಿರಿ?" ಅಂತ ದಯವಿಟ್ಟು ಕೇಳಬೇಡಿ.

ಪ್ರಶ್ನೆ: ಮೊಮ್ಮಗಳು ನ್ಯೂಯಾರ್ಕ್‌ನಲ್ಲಿದ್ದಾಳೆ, ಐದು ವರ್ಷ. ವಿಡಿಯೊ ಕಾಲ್‌ನಲ್ಲಿ ಕತೆ ಶುರು ಮಾಡಿದರೆ ಸ್ವಲ್ಪ ಹೊತ್ತಿಗೇ ಎದ್ದು ಓಡುತ್ತಾಳೆ.

ಉತ್ತರ: ಹೂಂಗುಟ್ಟೋದು ಕಲಿಸಿ ಅಮ್ಮಾ. "ಹೂಂ ಅಂದರೆ ಮಾತ್ರ ಮುಂದೆ ಹೇಳ್ತೀನಿ" ಅಂತ ನಿಮ್ಮಜ್ಜಿಯೂ ಕರಾರು ಹಾಕಿರುತ್ತಾರೆ, ಅಲ್ವಾ? ಕಾಲ್‌ನಲ್ಲಿ ಅವಳ ಹೂಂ ಕೊಂಚ ತಡವಾಗಿ ಬರುತ್ತದೆ. ಕಾಯಿರಿ, ಗಡಿಬಿಡಿಯಲ್ಲಿ ಮುಂದಕ್ಕೆ ಓಡಬೇಡಿ. ಅವಳ ಕೈಯಲ್ಲಿ ಗೊಂಬೆಯಿದ್ದರೆ ಅದನ್ನೇ ಕತೆಯೊಳಗೆ ಎಳೆದುಕೊಳ್ಳಿ. ಮತ್ತೆ, ಕಾಲ್ ಮಾಡೋ ಹೊತ್ತು ಬದಲಿಸಿ. ನಿಮ್ಮ ಸಂಜೆ ಅಂದರೆ ಅವಳಿಗೆ ಬೆಳಿಗ್ಗೆ, ಶಾಲೆಗೆ ಹೊರಡೋ ಗಲಾಟೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕರೆದರೆ ಅಲ್ಲಿ ಮಲಗೋ ಹೊತ್ತಾಗಿರುತ್ತದೆ.