ಎಲ್ಲರನ್ನೂ ಸಂಭಾಳಿಸಿ ಸಾಕಾಗಿದೆ, ಏನು ಮಾಡಲಿ?

ಪ್ರಶ್ನೆ: ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಅಮ್ಮ ಸಣ್ಣದಕ್ಕೂ ರೇಗುತ್ತಾರೆ. ಮೊನ್ನೆ ಅಪ್ಪನ ಕನ್ನಡಕ ತೆಗೆದು ಒಳಗಿಟ್ಟಿದ್ದಕ್ಕೆ ದೊಡ್ಡ ರಾದ್ಧಾಂತವೇ ಆಯಿತು. ತಮ್ಮನ ಕೆಲಸ ಹೋಗಿದೆ, ಆದರೂ ಏನೂ ಆಗದವನಂತೆ ಓಡಾಡಿಕೊಂಡಿದ್ದಾನೆ. ದುಡ್ಡಿನ ಚಿಂತೆ, ಮನೆಕೆಲಸ ಎಲ್ಲ ನನ್ನ ತಲೆ ಮೇಲೆ. ‘ಸ್ವಲ್ಪ ಕರುಣೆಯಿಂದ ನೋಡಮ್ಮ’ ಅಂತ ನೆಂಟರು ಹೇಳುತ್ತಾರೆ. ನನ್ನಲ್ಲಿ ಕರುಣೆ ಉಳಿದೇ ಇಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಅಮ್ಮನ ಸಿಟ್ಟಿದೆ, ತಮ್ಮನ ವಿಷಯ ಇದೆ, ನಿಮ್ಮ ದುಃಖದ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ನೀವೂ ಅಪ್ಪನನ್ನು ಕಳೆದುಕೊಂಡವರೇ ಅಲ್ವಾ? ಓದಿ ನನಗೆ ಅದೇ ಸಂಕಟವಾಯಿತು.

ಕನ್ನಡಕದ ಮಾತಿಗೆ ಬರೋಣ. ನಿಮಗೆ ಅದು ಮೇಜು ಒರೆಸುವಾಗ ಅಡ್ಡ ಬಂದ ವಸ್ತು. ಅಮ್ಮನಿಗೆ ಅದು ಅಪ್ಪ ಕೊನೆಯ ಸಲ ಪೇಪರ್ ಓದಿ ಮಡಚಿಟ್ಟ ಕನ್ನಡಕ, ಅದು ಅಲ್ಲಿರುವವರೆಗೆ ಮನುಷ್ಯ ಪೂರ್ತಿ ಹೋಗಿಲ್ಲ ಅನ್ನೋ ಭಾವ. ರೇಗಿದ್ದು ನಿಮ್ಮ ಮೇಲಾದರೂ ಸಿಟ್ಟು ಸಾವಿನ ಮೇಲಿನದು. ತಮ್ಮನದು ಇನ್ನೊಂದು ರೀತಿ. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲೇ ಇದನ್ನು ವಿವರಿಸಿದ್ದಾರೆ: ದುಃಖದಲ್ಲಿರುವವರು ಒಂದಷ್ಟು ಹೊತ್ತು ನೋವಿನೊಳಗೆ ಇರುತ್ತಾರೆ, ಒಂದಷ್ಟು ಹೊತ್ತು ಅದರಿಂದ ಆಚೆ ಬಂದು ಬೇರೆ ಕೆಲಸದಲ್ಲಿ ತೊಡಗುತ್ತಾರೆ, ಹೀಗೆ ಹೋಗಿಬಂದು ಮಾಡುತ್ತಲೇ ಸುಧಾರಿಸಿಕೊಳ್ಳುತ್ತಾರೆ. ಓಡಾಡಿಕೊಂಡಿದ್ದಾನೆ ಅಂದ ಮಾತ್ರಕ್ಕೆ ಅವನಿಗೆ ನೋವಿಲ್ಲ ಅಂದುಕೊಳ್ಳಬೇಡಿ.

ಇನ್ನು ಕರುಣೆ. ಇನ್ನೊಬ್ಬರ ನೋವನ್ನು ನಾವೇ ಅನುಭವಿಸುವುದು ಬೇರೆ, ಅವರು ಹಗುರಾಗಲಿ ಅಂತ ಮನಸಾರೆ ಬಯಸಿ ಜೊತೆಗಿರುವುದು ಬೇರೆ. ಜರ್ಮನಿಯ ತಾನಿಯಾ ಸಿಂಗರ್ ಎಂಬ ಸಂಶೋಧಕಿಯ ತಂಡ ಜನರಿಗೆ ಎರಡನ್ನೂ ಅಭ್ಯಾಸ ಮಾಡಿಸಿ ನೋಡಿತು. ಮೊದಲನೆಯದರಿಂದ ಅವರ ಮನಸ್ಸು ಕುಗ್ಗಿತು, ಎರಡನೆಯದರಿಂದ ಚೇತರಿಸಿಕೊಂಡಿತು. ನೀವು ಎಂಟು ತಿಂಗಳಿಂದ ಮೊದಲನೆಯದನ್ನೇ ಮಾಡುತ್ತಿದ್ದೀರಿ ಅಂತ ನನಗನಿಸುತ್ತದೆ. ಅಮ್ಮನ ದುಃಖವನ್ನು ನೀವು ಸರಿಮಾಡಬೇಕಾಗಿಲ್ಲ. ಅವರು ರೇಗಿದಾಗ ‘ಅಪ್ಪನ ನೆನಪಾಯ್ತಾ ಅಮ್ಮ?’ ಅಂತ ಕೇಳಿ, ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ. ಬುದ್ಧಿಮಾತು ಬೇಡ. ಕೂರುವ ಶಕ್ತಿ ಇಲ್ಲದ ದಿನ ‘ಇವತ್ತು ನನಗೂ ಆಗ್ತಿಲ್ಲ ಅಮ್ಮ’ ಅಂತ ಹೇಳಿಬಿಡಿ, ಅದು ತಪ್ಪಲ್ಲ. ತಮ್ಮನಿಗೆ ‘ಸಹಾಯ ಮಾಡು’ ಅನ್ನುವ ಬದಲು ಬಿಲ್ ಕಟ್ಟುವುದೋ ಅಮ್ಮನ ಮಾತ್ರೆ ನೋಡಿಕೊಳ್ಳುವುದೋ, ಒಂದು ಕೆಲಸ ಪೂರ್ತಿ ಒಪ್ಪಿಸಿ.

ಒಂದು ಎಚ್ಚರ. ಸಾವಾಗಿ ಆರು ತಿಂಗಳು ದಾಟಿದರೂ ದುಃಖದ ತೀವ್ರತೆ ಇಳಿಯದೆ ದಿನನಿತ್ಯದ ಬದುಕೇ ನಡೆಯದಂತಾದರೆ ಅದಕ್ಕೆ ಚಿಕಿತ್ಸೆ ಇದೆ. ಅಮ್ಮ ಊಟ, ನಿದ್ದೆ ಬಿಟ್ಟಿದ್ದರೆ ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ. ಬದುಕೇ ಬೇಡ ಅನ್ನೋ ಮಾತು ಯಾರ ಬಾಯಲ್ಲಿ ಬಂದರೂ, ನಿಮ್ಮ ಮನಸ್ಸಿಗೇ ಬಂದರೂ, ಒಂದು ದಿನವೂ ಕಾಯಬೇಡಿ.

ಕನ್ನಡಕವನ್ನು ಇವತ್ತೇ ಅದರ ಜಾಗದಲ್ಲಿ ಇಟ್ಟುಬಿಡಿ. ಯಾವಾಗ ತೆಗೆಯಬೇಕು ಅನ್ನೋದನ್ನು ಅಮ್ಮನೇ ಹೇಳಲಿ.