ನಾವೂ ಕಪ್ಪಗಿದ್ದೇವಲ್ಲ ಡಾಕ್ಟ್ರೇ?

ಓದುಗರ ಪ್ರಶ್ನೆಗಳಿಗೆ ಬಳ್ಳಾರಿಯ ಮೂತ್ರರೋಗ ತಜ್ಞರ ಉತ್ತರ

ಪ್ರಶ್ನೆ: ನನಗೆ 61 ವರ್ಷ. ಸಿಂಧನೂರು ಹತ್ತಿರ ಭತ್ತದ ಗದ್ದೆ ಇದೆ. ಮಗ ಅಮೆರಿಕದಲ್ಲಿದ್ದಾನೆ. ಅವನ ಆಫೀಸಿನ ಕಪ್ಪು ಜನಾಂಗದ ಗೆಳೆಯನಿಗೆ 47ಕ್ಕೇ ಪ್ರಾಸ್ಟೇಟ್ ಕ್ಯಾನ್ಸರ್ ಬಂತಂತೆ. ಕಪ್ಪು ಗಂಡಸರಿಗೆ ಇದು ಜಾಸ್ತಿ, ನೀವೂ ಟೆಸ್ಟ್ ಮಾಡಿಸಿ ಅಂತ ಹಟ ಹಿಡಿದಿದ್ದಾನೆ. ನಮ್ಮ ಮನೆಯವರೆಲ್ಲ ಕಡುಕಪ್ಪು. ನಮಗೂ ಅದೇ ಅಪಾಯ ಇದೆಯಾ? ವಂಶದಲ್ಲಿ ಯಾರಿಗೂ ಕ್ಯಾನ್ಸರ್ ಇಲ್ಲ. ಅಪ್ಪ 70 ದಾಟಿದ ಮೇಲೆ ಸೊಂಟ ನೋವಿಂದ ಹಾಸಿಗೆ ಹಿಡಿದು ಹೋದರು, ಅಷ್ಟೇ. ನಾನು ರಾತ್ರಿ ಎರಡು ಮೂರು ಸಲ ಒಂದಕ್ಕೆ ಏಳುತ್ತೇನೆ.

ಉತ್ತರ: ಮೈಬಣ್ಣದ ಚಿಂತೆ ಬಿಡಿ. ಚರ್ಮ ಕಪ್ಪಗಿದೆ ಅಂತ ಪ್ರಾಸ್ಟೇಟಿಗೆ, ಅಂದರೆ ಗಂಡಸರ ಮೂತ್ರಚೀಲದ ಕೆಳಗಿರುವ ಗ್ರಂಥಿಗೆ, ಕ್ಯಾನ್ಸರ್ ಬರುವುದಿಲ್ಲ. ನಿಮ್ಮ ಮಗ ಹೇಳಿದ್ದು ಆಫ್ರಿಕಾ ಮೂಲದವರ ವಿಷಯ. ಅವರ ಮಟ್ಟಿಗೆ ಅದು ನಿಜ. ಇಂಗ್ಲೆಂಡಿನ ಲೆಕ್ಕ 2015ರಲ್ಲಿ ಪ್ರಕಟವಾಯಿತು. ಅಲ್ಲಿ ಕಪ್ಪು ಜನಾಂಗದ ನಾಲ್ವರು ಗಂಡಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಈ ಕ್ಯಾನ್ಸರ್ ಪತ್ತೆಯಾಗುತ್ತದೆ. ಬಿಳಿಯರಲ್ಲಿ ಎಂಟರಲ್ಲಿ ಒಬ್ಬರಿಗೆ, ಏಷ್ಯಾ ಮೂಲದವರಲ್ಲಿ ಹದಿಮೂರರಲ್ಲಿ ಒಬ್ಬರಿಗೆ. ಅಲ್ಲಿನ ಏಷ್ಯಾದವರಲ್ಲಿ ಹೆಚ್ಚಿನವರು ನಮ್ಮ ಕಡೆಯವರೇ: ಭಾರತ, ಪಾಕಿಸ್ತಾನ, ಬಾಂಗ್ಲಾದವರು.

ಯಾಕೆ ಹೀಗೆ? ಸ್ವಲ್ಪ ವಂಶವಾಹಿಯ ಪಾಲಿದೆ. 8ನೇ ಕ್ರೋಮೋಸೋಮಿನ ಒಂದು ಜಾಗದಲ್ಲಿ ಅಪಾಯ ಹೆಚ್ಚಿಸುವ ಬದಲಾವಣೆಗಳಿವೆ ಅಂತ 2006ರಲ್ಲಿ ಗೊತ್ತಾಯಿತು. ಆಫ್ರಿಕಾ ಮೂಲದವರಲ್ಲಿ ಅವು ಹೆಚ್ಚು ಕಾಣುತ್ತವೆ. ಆದರೆ ಅಮೆರಿಕದಲ್ಲಿ ಕಪ್ಪು ಜನ ಈ ಕಾಯಿಲೆಯಿಂದ ಬಿಳಿಯರ ಎರಡು ಪಟ್ಟು ಸಾಯುತ್ತಾರಲ್ಲ, ಅದನ್ನು ಪೂರ್ತಿ ರಕ್ತದ ತಲೆಗೆ ಕಟ್ಟುವ ಹಾಗಿಲ್ಲ. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಒಂದೇ ಚಿಕಿತ್ಸೆ. ಕಾಯಿಲೆ ಪತ್ತೆಯಾದ ಮೇಲೆ ಅಲ್ಲಿ ಕಪ್ಪು ಜನರೂ ಬಿಳಿಯರೂ ಹೆಚ್ಚುಕಡಿಮೆ ಒಂದೇ ಥರ ಬದುಕುತ್ತಾರೆ. ಅಂದರೆ ವಿಮೆ, ದುಡ್ಡು, ಡಾಕ್ಟರು ಎಷ್ಟು ಬೇಗ ಸಿಕ್ಕರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಜಪಾನಿನಿಂದ ಹವಾಯಿಗೆ ಹೋಗಿ ನೆಲೆಸಿದವರಲ್ಲೂ ಈ ಕ್ಯಾನ್ಸರ್ ಜಾಸ್ತಿಯಾಯಿತು. ವಂಶ ಅದೇ, ಊರು ಬೇರೆ.

ಹಾಗಾದರೆ ನಮಗೆ ಕಡಿಮೆ ಅಂತ ನೆಮ್ಮದಿಯಾಗಿ ಇರಬಹುದಾ? ಅಷ್ಟು ಸುಲಭವಿಲ್ಲ. ಭಾರತದಲ್ಲಿ ಪ್ರಮಾಣ ಕಡಿಮೆ ಇರುವುದು ನಿಜ. ಆದರೆ ಹುಡುಕಿದರೆ ತಾನೇ ಲೆಕ್ಕಕ್ಕೆ ಸಿಗುವುದು? ದೆಹಲಿ, ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ನೋಂದಣಿಯಲ್ಲಿ ಗಂಡಸರ ಮುಖ್ಯ ಕ್ಯಾನ್ಸರುಗಳಲ್ಲಿ ಇದೂ ಒಂದು. ಬೆಂಗಳೂರಿನ ಗಂಡಸರ ಪ್ರಾಸ್ಟೇಟ್ ಮಾನ್ವಿಯವರದಕ್ಕಿಂತ ಬೇರೆ ಥರದ್ದೇನಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬಣ್ಣವಲ್ಲ, ನಿಮ್ಮ ಅಪ್ಪ. ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದರೆ ಮೊದಲು ಹೋಗುವುದೇ ಬೆನ್ನು, ಸೊಂಟದ ಮೂಳೆಗೆ. ಸಂಡೂರು ಕಡೆ ಅದಿರು ಲಾರಿ ಓಡಿಸಿದ್ದ ಹಿರಿಯರೊಬ್ಬರು ನನ್ನ ಹತ್ತಿರ ಬಂದಾಗ ಅವರ ಪಿಎಸ್‌ಎ (ಪ್ರಾಸ್ಟೇಟ್ ರಕ್ತಕ್ಕೆ ಬಿಡುವ ಒಂದು ಪ್ರೋಟೀನಿನ ಮಟ್ಟ) ನೂರುಗಳಲ್ಲಿತ್ತು, ಅಂದರೆ ತೀರಾ ಜಾಸ್ತಿ. ಅದಕ್ಕೂ ಮೊದಲು ಎಷ್ಟೋ ತಿಂಗಳು ಬೆನ್ನಿಗೆ ಸೂಜಿ, ಮುಲಾಮು, ಬೆಲ್ಟು. ಲಾರಿ ಸೀಟಿನದೇ ತಪ್ಪು ಅಂತ ಅವರೂ ನಂಬಿದ್ದರು, ನೋಡಿದವರೂ ನಂಬಿದ್ದರು. ಒಬ್ಬರೂ ಗುದದ್ವಾರದಿಂದ ಬೆರಳು ಹಾಕಿ ಗ್ರಂಥಿ ಮುಟ್ಟಿ ನೋಡಿರಲಿಲ್ಲ. ನಮ್ಮ ಕಡೆ ಆ ಪರೀಕ್ಷೆ ಅಂದರೆ ಡಾಕ್ಟರಿಗೂ ಸಂಕೋಚ, ರೋಗಿಗೆ ಕೇಳುವುದೇ ಬೇಡ. ಗಂಡು ಹಾರ್ಮೋನು ನಿಲ್ಲಿಸುವ ಚಿಕಿತ್ಸೆ ಕೊಟ್ಟ ಮೇಲೆ ನೋವು ಇಳಿಯಿತು, ಓಡಾಡಿದರು. ಈ ಚಿಕಿತ್ಸೆಯನ್ನು 1941ರಲ್ಲೇ ತೋರಿಸಿಕೊಟ್ಟ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಂತು. ಆದರೆ ಮೂಳೆಗೆ ಹೋದ ಮೇಲೆ ಕಾಯಿಲೆಯನ್ನು ಹಿಡಿದಿಡಬಹುದು, ಬೇರುಸಹಿತ ಕೀಳಲಾಗದು.

ನಿಮ್ಮ ತಂದೆಗೆ ಅದೇ ಇತ್ತು ಅಂತ ನಾನು ಹೇಳುತ್ತಿಲ್ಲ. ಸೊಂಟ ನೋವಿಗೆ ಕಾರಣ ನೂರಿವೆ. ಆದರೆ ಯಾರೂ ಪರೀಕ್ಷಿಸದ ಮನೆಯಲ್ಲಿ 'ವಂಶದಲ್ಲಿ ಇಲ್ಲ' ಅನ್ನುವ ಮಾತಿಗೆ ನಾನು ತೂಕ ಕೊಡುವುದಿಲ್ಲ. ತಂದೆಗೋ ಅಣ್ಣತಮ್ಮಂದಿರಿಗೋ ಇದ್ದರೆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಮನೆಯ ಹೆಣ್ಣುಮಕ್ಕಳಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಬಿಆರ್‌ಸಿಎ2 ಎಂಬ ಜೀನಿನ ದೋಷ ಎರಡೂ ಕಡೆ ಕೆಲಸ ಮಾಡುತ್ತದೆ.

ರಾತ್ರಿ ಏಳುವುದು ಬಹುಶಃ ವಯಸ್ಸಿಗೆ ಗ್ರಂಥಿ ದಪ್ಪವಾಗಿದ್ದರಿಂದ. ಅದು ಕ್ಯಾನ್ಸರ್ ಅಲ್ಲ. ಸಕ್ಕರೆ ಕಾಯಿಲೆಯಲ್ಲೂ ಹೀಗಾಗುತ್ತದೆ, ಅದನ್ನೂ ನೋಡಿಸಿ. ಒಮ್ಮೆ ಪಿಎಸ್‌ಎ ರಕ್ತಪರೀಕ್ಷೆ, ಒಮ್ಮೆ ಬೆರಳಿನ ಪರೀಕ್ಷೆ ಮಾಡಿಸಿಕೊಳ್ಳಿ. ಮಗ ಹೇಳಿದ ಕಾರಣ ಸರಿಯಿಲ್ಲ, ಹೇಳಿದ ಕೆಲಸ ಸರಿ.

ಪ್ರಶ್ನೆ: ನನ್ನ ಯಜಮಾನರಿಗೆ 68. ಗಂಗಾವತಿಯಲ್ಲಿದ್ದೇವೆ. ಉಚ್ಚೆ ಕಟ್ಟಿ ಪೈಪ್ ಹಾಕಿದ್ದರು. ಮಾರನೇ ದಿನ ಪಿಎಸ್‌ಎ 11 ಬಂತು. ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆ ಅಂತ ನೆಂಟರು ಹೆದರಿಸುತ್ತಿದ್ದಾರೆ.

ಉತ್ತರ: ಆ 11ನ್ನು ಸದ್ಯಕ್ಕೆ ಪಕ್ಕಕ್ಕಿಡಿ ತಾಯಿ. ಉಚ್ಚೆ ಕಟ್ಟಿದಾಗ, ಪೈಪ್ ಹಾಕಿದಾಗ, ಸೋಂಕಾದಾಗ ಪಿಎಸ್‌ಎ ಸುಮ್ನೆ ಏರುತ್ತದೆ. ಆರು ವಾರ ಬಿಟ್ಟು ಮತ್ತೆ ಮಾಡಿಸಿ. ಆಗಲೂ ಜಾಸ್ತಿ ಇದ್ದರೆ ಮೊದಲು ಎಂಆರ್‌ಐ, ಅದರಲ್ಲಿ ಅನುಮಾನ ಬಂದರೆ ಬಯಾಪ್ಸಿ, ಅಂದರೆ ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡುವುದು. ಬಯಾಪ್ಸಿಯಿಂದ ಸೋಂಕು, ಒಂದಷ್ಟು ರಕ್ತ ಹೋಗುವುದು ಆಗಬಹುದು. ಹರಡುತ್ತದೆ ಅನ್ನುವ ಭಯಕ್ಕೆ ಪರೀಕ್ಷೆ ಬಿಡಬೇಡಿ. ಇನ್ನೊಂದು ಮಾತು. ಗ್ರಂಥಿ ಕುಗ್ಗಿಸುವ ಫಿನಾಸ್ಟೆರೈಡ್ ಅಥವಾ ಡ್ಯುಟಾಸ್ಟೆರೈಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಿದ್ದರೆ ಪಿಎಸ್‌ಎ ಅರ್ಧಕ್ಕೆ ಇಳಿದಿರುತ್ತದೆ. ಚೀಟಿಯನ್ನು ಡಾಕ್ಟರಿಗೆ ತಪ್ಪದೆ ತೋರಿಸಿ.

ಪ್ರಶ್ನೆ: ದಿನಾ ಟೊಮೆಟೊ ತಿಂದು, ವಿಟಮಿನ್ ಇ ಮಾತ್ರೆ ತಗೊಂಡರೆ ಪ್ರಾಸ್ಟೇಟ್ ಕ್ಯಾನ್ಸರ್ ಬರೋದಿಲ್ಲ ಅಂತ ವಾಟ್ಸಾಪಿನಲ್ಲಿ ಬಂದಿದೆ. ನಿಜವಾ? (ಹೊಸಪೇಟೆ ರಸ್ತೆಯ ಓದುಗರು, ಬಳ್ಳಾರಿ)

ಉತ್ತರ: ಟೊಮೆಟೊ ಸಾರಿಗೆ ಹಾಕಿ, ತೊಂದರೆಯಿಲ್ಲ. ವಿಟಮಿನ್ ಇ ಮಾತ್ರೆ ಮಾತ್ರ ಬೇಡ. ಅಮೆರಿಕದಲ್ಲಿ ಸುಮಾರು 35,000 ಗಂಡಸರ ಮೇಲೆ ಅದನ್ನು ಪರೀಕ್ಷಿಸಿದ್ದರು. ಬೇರೆಯವರನ್ನು 55 ತುಂಬಿದ ಮೇಲೆ ಸೇರಿಸಿಕೊಂಡರೆ, ಕಪ್ಪು ಜನಾಂಗದವರನ್ನು 50ಕ್ಕೇ ಸೇರಿಸಿಕೊಂಡಿದ್ದರು. 2011ರಲ್ಲಿ ಫಲಿತಾಂಶ ಬಂತು: ಬರೀ ವಿಟಮಿನ್ ಇ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17ರಷ್ಟು ಜಾಸ್ತಿಯೇ ಆಗಿತ್ತು.